ಕಣದ ಅಂಚಿನಲ್ಲಿ: ರಾಗಿ ಸೀಮೆಯ ಮಕ್ಕಳು ಕಂಡ ದುಡಿಮೆ

ಕೋಲಾರ, ತುಮಕೂರು, ಮಾಗಡಿ, ಕನಕಪುರಗಳಿಂದ ಹಿಡಿದು ಮಂಡ್ಯ, ಹಾಸನ, ಮೈಸೂರು ಜಿಲ್ಲೆಗಳ ಕಾಲುವೆ ನೀರು ಕಾಣದ ಭಾಗಗಳವರೆಗೆ ಹರಡಿರುವ ಕೆಂಪುಮಣ್ಣಿನ ಸೀಮೆ ಶತಮಾನಗಳಿಂದ ಮಳೆಯನ್ನೂ ರಾಗಿಯನ್ನೂ ನಂಬಿ ಬದುಕಿದ ಸೀಮೆ. ಇಲ್ಲಿನ ಬೇಸಾಯವನ್ನು ಕುರಿತ ಲಿಖಿತ ದಾಖಲೆಗಳಿಗೆ ಕೊರತೆಯಿಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷವೇ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ನೇಗಿಲು, ಕುಂಟೆ, ಕೂರಿಗೆಗಳ ಚಿತ್ರ ಬರೆಸಿ, ಯಾವ ಹೊಲಕ್ಕೆ ಎಷ್ಟು ಬೀಜ ಬೀಳುತ್ತದೆಂಬುದನ್ನು ಊರೂರಿಗೆ ವಿಚಾರಿಸಿ, 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಮುಂದೆ 1863ರಲ್ಲಿ ಆರಂಭವಾದ ಭೂಮಾಪನ ಮತ್ತು ಕಂದಾಯ ನಿಗದಿಯ ಕಾರ್ಯ ಪ್ರತಿ ಹೊಲಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಯ ಎದುರಿಗೆ ಒಬ್ಬ ಖಾತೆದಾರನ ಹೆಸರನ್ನು ಬರೆಯಿತು. ಆ ಹೆಸರು ಸಾಮಾನ್ಯವಾಗಿ ಮನೆಯ ಯಜಮಾನನದು. ಆ ಹೊಲದಲ್ಲಿ ಅವನ ಜೊತೆಗೆ ಇನ್ನಾರು ಬೆನ್ನು ಬಗ್ಗಿಸಿದರು, ಹೊತ್ತು ಹುಟ್ಟುವ ಮೊದಲು ಮನೆಯಲ್ಲಿ ಯಾರು ಎದ್ದರು, ದನಗಳ ಹಿಂದೆ ಯಾರು ಅಲೆದರು ಎಂಬುದು ಕಂದಾಯದ ಲೆಕ್ಕಕ್ಕೆ ಬೇಕಾಗಿರಲಿಲ್ಲವಾದ್ದರಿಂದ ಅದನ್ನು ಯಾರೂ ಬರೆಯಲಿಲ್ಲ.

ಬರೆಯದೆ ಬಿಟ್ಟ ಈ ಭಾಗಕ್ಕೆ ಆಕರವಾಗಿ ಉಳಿದಿರುವುದು ಮುಖ್ಯವಾಗಿ ಮಕ್ಕಳ ನೆನಪು. ಒಕ್ಕಲುತನದ ಮನೆಯಲ್ಲಿ ತಾಯಿತಂದೆಗಳ ದುಡಿಮೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಹತ್ತಿರದಿಂದ ಕಂಡವರು ಮಕ್ಕಳೇ. ಬರಿದೇ ಕಂಡವರೂ ಅಲ್ಲ, ಆ ದುಡಿಮೆಯ ಒಂದು ತುದಿಯನ್ನು ಹಿಡಿದುಕೊಂಡು ಕಂಡವರು. ನೆನಪು ಸಿಹಿಯಾಗುವ ಗುಣವುಳ್ಳದ್ದೆಂಬ ಎಚ್ಚರ ಇತಿಹಾಸಕಾರನಿಗೆ ಇರಬೇಕು ನಿಜ. ಆದರೆ ಕಂದಾಯದ ಕಡತಕ್ಕೆ ಸಿಹಿಯಾಗುವ ಅಪಾಯವಿಲ್ಲದಿದ್ದರೂ ಅದಕ್ಕೆ ಕಣ್ಣೇ ಇರಲಿಲ್ಲವೆಂಬುದನ್ನೂ ಮರೆಯಬಾರದು.

ರಾಗಿಯ ವರ್ಷ ಯುಗಾದಿಯಿಂದ ಮೊದಲಾಗುತ್ತಿತ್ತು. ಹಬ್ಬದ ಹೊತ್ತಿಗೆ ಎತ್ತುಗಳನ್ನು ತೊಳೆದು, ನೊಗನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ಶಾಸ್ತ್ರಕ್ಕೆ ನಾಲ್ಕು ಸಾಲು ಉಳುವುದಕ್ಕೆ ಹೊನ್ನಾರು ಎಂದು ಹೆಸರು. ಅಲ್ಲಿಂದ ಮುಂದೆ ಕಾಲವನ್ನು ಎಣಿಸುತ್ತಿದ್ದುದು ತಿಂಗಳುಗಳಿಂದಲ್ಲ, ಮಳೆಗಳಿಂದ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಗೆ ಆ ನಕ್ಷತ್ರದ ಹೆಸರನ್ನೇ ಇಟ್ಟು, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದು ಸಾಗುವ ಈ ಪಂಚಾಂಗವನ್ನು ಅಕ್ಷರ ಬಾರದ ಮಕ್ಕಳೂ ಬಾಯಿಪಾಠವಾಗಿ ಬಲ್ಲವರಾಗಿದ್ದರು. ಮೊದಲ ಮಳೆಗಳಿಗೆ ಉತ್ತು, ತಿಪ್ಪೆಯ ಗೊಬ್ಬರವನ್ನು ಗಾಡಿಯಲ್ಲಿ ಹೊಡೆದು ಹೊಲಕ್ಕೆ ಚೆಲ್ಲಿ, ಮತ್ತೆ ಮತ್ತೆ ಉತ್ತು, ಪುನರ್ವಸು, ಪುಷ್ಯ ಮಳೆಗಳ ಹದಕ್ಕೆ ರಾಗಿ ಬಿತ್ತುವುದು ವಾಡಿಕೆ.

ಬಿತ್ತನೆಯ ಸಾಧನವಾದ ಕೂರಿಗೆಯ ರಚನೆ ಸರಳವೆಂದು ಕಂಡರೂ ಅದನ್ನು ನಡೆಸುವುದು ಸರಳವಲ್ಲ. ಮರದ ದಿಂಡಿಗೆ ಕೂಡಿಸಿದ ಹಲವು ತಾಳುಗಳು, ಪ್ರತಿ ತಾಳಿಗೂ ಒಂದೊಂದು ಬಿದಿರಿನ ಕೊಳವೆ, ಕೊಳವೆಗಳೆಲ್ಲ ಮೇಲೆ ಬಂದು ಸೇರುವ ರಂಧ್ರಗಳುಳ್ಳ ಮರದ ಬಟ್ಟಲು, ಇಷ್ಟೇ ಅದರ ಅಂಗಗಳು. ಎತ್ತುಗಳು ನಡೆಯುತ್ತಿದ್ದಂತೆ ಹಿಂದಿನಿಂದ ಸಮನಾಗಿ ಹೆಜ್ಜೆ ಹಾಕುತ್ತ, ಹಿಡಿಯಲ್ಲಿದ್ದ ಸಾಸಿವೆಗಿಂತ ಸಣ್ಣ ಕಾಳನ್ನು ಬೆರಳ ಸಂದಿಯಿಂದ ಬಟ್ಟಲಿಗೆ ಸಮನಾಗಿ ಉದುರಿಸಬೇಕು. ಕೈ ಒಂದಿಷ್ಟು ಸಡಿಲವಾದರೆ ಪೈರು ಒತ್ತಾಗುತ್ತದೆ, ಬಿಗಿಯಾದರೆ ಸಾಲು ಖಾಲಿ ಬೀಳುತ್ತದೆ, ಮತ್ತು ಆ ತಪ್ಪು ಹದಿನೈದು ದಿನಗಳ ನಂತರ ಊರಿಗೆಲ್ಲ ಕಾಣುವಂತೆ ಹೊಲದಲ್ಲಿ ಹಸಿರಾಗಿ ಎದ್ದು ನಿಲ್ಲುತ್ತದೆ. ಕೂರಿಗೆಗೆ ಹಗ್ಗದಿಂದ ಕಟ್ಟಿ ಹಿಂದೆ ಎಳೆದುಕೊಂಡು ಬರುವ ಒಂಟಿ ಕೊಳವೆಗೆ ಸೆಡ್ಡೆ ಎಂದು ಹೆಸರು. ಅದರಲ್ಲಿ ಕೆಲವು ಸಾಲುಗಳಿಗೆ ಒಂದರಂತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳ ಕಾಳನ್ನು ಬಿಡುತ್ತಿದ್ದರು. ಇದೇ ಅಕ್ಕಡಿ ಸಾಲು. ರಾಗಿ ಕೈಕೊಟ್ಟರೂ ಅವರೆ ಕೈಹಿಡಿಯಲಿ, ದನಕ್ಕೆ ಜೋಳದ ಕಡ್ಡಿಯಾಗಲಿ, ಒಗ್ಗರಣೆಗೆ ಹುಚ್ಚೆಳ್ಳಿನ ಎಣ್ಣೆಯಾಗಲಿ ಎಂಬ ಮುಂದಾಲೋಚನೆ ಅದರಲ್ಲಿತ್ತು. ಸೆಡ್ಡೆಯಲ್ಲಿ ಕಾಳು ಬಿಡುವುದು ಹೆಚ್ಚಾಗಿ ಮನೆಯ ಹೆಂಗಸರ ಕೆಲಸ, ಕೈ ಪಳಗಿದ ಮಕ್ಕಳಿಗೂ ಅದರಲ್ಲಿ ಪಾಲು. ಹೊಲದಲ್ಲಿ ಗಂಡಸು ನಡೆಸಿದ ಕೂರಿಗೆಯ ಬೆಳೆ ಕಂದಾಯ ಕಟ್ಟಿತು, ಹೆಂಗಸು ಬಿಟ್ಟ ಅಕ್ಕಡಿಯ ಕಾಳು ಅಡಿಗೆಮನೆಯನ್ನು ನಡೆಸಿತು ಎಂದರೆ ಪೂರ್ತಿ ಸುಳ್ಳಾಗದು.

ಪೈರು ಒಂದು ಗೇಣಿನ ಹತ್ತಿರ ಬಂದಾಗ ಹಲುಬೆ ಹಾಯಿಸುತ್ತಿದ್ದರು. ಹಲ್ಲುಗಳುಳ್ಳ ಮರದ ಈ ಸಾಧನವನ್ನು ಹಸಿ ಹೊಲದ ಮೇಲೆ ಎತ್ತುಗಳಿಂದ ಎಳೆಸಿದಾಗ ಒತ್ತಾದ ಪೈರು ಕಿತ್ತು ಬರುತ್ತದೆ, ಉಳಿದದ್ದು ಮಣ್ಣು ಮೆತ್ತಿಕೊಂಡು ನೆಲಕ್ಕೆ ಒರಗುತ್ತದೆ, ಮತ್ತು ಆ ಸಂಜೆ ಹೊಲವನ್ನು ಕಂಡವರಿಗೆ ಬೆಳೆ ಹಾಳಾಯಿತೆಂದೇ ತೋರುತ್ತದೆ. ಕೆಲವೇ ದಿನಗಳಲ್ಲಿ ಅದೇ ಪೈರು ತೆಂಡೆಯೊಡೆದು, ಅಂದರೆ ಬುಡದಿಂದ ಹೊಸ ಕವಲುಗಳನ್ನು ಬಿಟ್ಟು, ಮೊದಲಿಗಿಂತ ದಟ್ಟವಾಗಿ ಏಳುತ್ತದೆ. ಅಪ್ಪ ತನ್ನ ಕೈಯಾರೆ ಬೆಳೆಯನ್ನು ಕೆಡಿಸುತ್ತಿದ್ದಾನೆಂದು ಗಾಬರಿಯಾಗಿ ನಿಂತ ಮಗು ಹದಿನೈದು ದಿನಗಳ ನಂತರ ಕಲಿಯುತ್ತಿದ್ದ ಈ ಪಾಠ ಯಾವ ಶಾಲೆಯ ಪುಸ್ತಕದಲ್ಲಿಯೂ ಇರಲಿಲ್ಲ.

ಹಲುಬೆಯ ನಂತರ ಹೊಲ ಹೆಂಗಸರದಾಗುತ್ತಿತ್ತು. ಮುಯ್ಯಾಳು ಎಂಬ ಪದ್ಧತಿಯಂತೆ ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಕೂಲಿಯಿಲ್ಲದೆ ದುಡಿಮೆಯನ್ನು ಬದಲಿಸಿಕೊಳ್ಳುತ್ತ, ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆಯುವ ಕೆಲಸ ವಾರಗಟ್ಟಲೆ ನಡೆಯುತ್ತಿತ್ತು. ಆ ಹೆಂಗಸರ ದಿನ ಹೊಲದಲ್ಲಿ ಮೊದಲಾಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕುಳಿತು, ಆ ದಿನದ ಮುದ್ದೆಗೂ ಅಂಬಲಿಗೂ ಆಗುವಷ್ಟು ರಾಗಿಯನ್ನು ಹಿಟ್ಟು ಮಾಡಿ, ಹಟ್ಟಿ ಗುಡಿಸಿ, ಸಗಣಿ ಬಾಚಿ, ನೀರು ತಂದು, ಒಲೆ ಹಚ್ಚಿದ ಮೇಲೆಯೇ ಅವರು ಹೊಲಕ್ಕೆ ಹೊರಡುತ್ತಿದ್ದರು. ತಿರುಗುವ ಕಲ್ಲಿನ ಗೂಟಕ್ಕೆ ಒಂದು ಕೈ, ಕಲ್ಲಿನ ಬಾಯಿಗೆ ಹಿಡಿ ಹಿಡಿಯಾಗಿ ರಾಗಿ ಸುರಿಯಲು ಇನ್ನೊಂದು ಕೈ, ತೊಡೆಯ ಮೇಲೆ ಇನ್ನೂ ನಿದ್ದೆ ಬಿಡದ ಮಗು: ಬೀಸುವ ಪದಗಳೆಂಬ ಕನ್ನಡ ಜನಪದ ಸಾಹಿತ್ಯದ ಬಹು ದೊಡ್ಡ ಭಾಗ ಹುಟ್ಟಿದ್ದು ಈ ಭಂಗಿಯಲ್ಲಿ. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರ ಬಳಗದವರು 1931ರಲ್ಲಿ ಇಂತಹ ತ್ರಿಪದಿಗಳ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದಾಗ ಓದುಗರು ಅದರ ಕಾವ್ಯಗುಣಕ್ಕೆ ಬೆರಗಾದರು. ರಾಗಿಯ ನಾಡಿರಲಿ, ಜೋಳದ ನಾಡಿರಲಿ, ಆ ತ್ರಿಪದಿಗಳ ಲಯ ಕಲ್ಲಿನ ಸುತ್ತಿನ ಲಯವೆಂಬುದನ್ನು, ತೋಳಿನ ನೋವನ್ನು ಮರೆಸುವುದು ಆ ಹಾಡಿನ ಮೊದಲ ಉದ್ದೇಶವಾಗಿತ್ತೆಂಬುದನ್ನು, ತೊಡೆಯ ಮೇಲೆ ಮಲಗಿ ಕೇಳಿದವರು ಬಲ್ಲಷ್ಟು ಮುದ್ರಿತ ಪುಟದಲ್ಲಿ ಓದಿದವರು ಬಲ್ಲವರಲ್ಲ.

ಮಕ್ಕಳಿಗೆ ಬೀಳುತ್ತಿದ್ದ ಕೆಲಸಗಳು ವಯಸ್ಸಿನ ಮೆಟ್ಟಿಲುಗಳಂತಿದ್ದವು. ಮೊದಲು ಕೈಗೂಸನ್ನು ಆಡಿಸುವುದು, ಕೋಳಿ ಮುಚ್ಚುವುದು. ಆಮೇಲೆ ಹೊಲದಲ್ಲಿರುವ ದೊಡ್ಡವರಿಗೆ ಬುತ್ತಿ ಹೊತ್ತೊಯ್ಯುವುದು, ಕರು ಕಾಯುವುದು, ಸಗಣಿ ಆಯುವುದು. ಇನ್ನೂ ಬೆಳೆದ ಮೇಲೆ ಹುಡುಗನಿಗೆ ದನದ ಹಿಂಡು, ಹುಡುಗಿಗೆ ನೀರಿನ ಬಿಂದಿಗೆ ಮತ್ತು ಬೀಸುವ ಕಲ್ಲಿನ ಎದುರು ಬದಿ. ತೆನೆ ಹಾಲು ತುಂಬುವ ಕಾಲಕ್ಕೆ ಹೊಲದ ನಡುವೆ ಕಟ್ಟಿದ ಅಟ್ಟಣೆಯ ಮೇಲೆ ಕವಣೆ ಹಿಡಿದು ಹಕ್ಕಿ ಓಡಿಸುವುದೂ ಮಕ್ಕಳ ಪಾಲಿನದೇ. ನೇಗಿಲ ಮೇಣಿ ಹಿಡಿಯುವ ಅಧಿಕಾರ ಮಾತ್ರ ಬಹು ತಡವಾಗಿ ಸಿಕ್ಕುತ್ತಿತ್ತು, ಮತ್ತು ಅದನ್ನು ಅಧಿಕಾರವೆಂದೇ ಭಾವಿಸಲಾಗುತ್ತಿತ್ತು.

ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕೊಯ್ದ ರಾಗಿಯನ್ನು ಒಡನೆಯೇ ಒಕ್ಕುತ್ತಿರಲಿಲ್ಲ. ಕೊಯ್ದ ಪೈರನ್ನು ಕಂತೆ ಕಟ್ಟಿ, ತೆನೆಗಳು ಒಳಮುಖವಾಗುವಂತೆ ಎತ್ತರವಾಗಿ ಒಟ್ಟಿ ಮೆದೆ ಹಾಕಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬಿಚ್ಚುತ್ತಿದ್ದರು. ಹೊಲದಿಂದ ಕಂತೆ ಸಾಗಿದ ಮೇಲೆ ನೆಲದಲ್ಲಿ ಉದುರಿ ಉಳಿದ ತೆನೆಗಳಿಗೆ ಹಕ್ಕಲು ಎಂದು ಹೆಸರು. ಹಕ್ಕಲು ಆಯುವುದು ಹೊಲದೊಡೆಯನ ಮಕ್ಕಳಿಗೆ ಆಟ, ಏಕೆಂದರೆ ಆಯ್ದ ರಾಗಿಯನ್ನು ಕೊಟ್ಟು ಅಂಗಡಿಯಲ್ಲಿ ಪುರಿ, ಬತ್ತಾಸು ಕೊಳ್ಳಬಹುದಾಗಿತ್ತು. ಭೂಮಿಯಿಲ್ಲದವರ ಮಕ್ಕಳಿಗೆ ಅದೇ ಹಕ್ಕಲು ಮನೆಯ ರಾತ್ರಿಯ ಊಟ. ಒಂದೇ ಹೊಲದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ತೆನೆಗೆ ಬಗ್ಗಿದ ಎರಡು ಮಕ್ಕಳ ನೆನಪುಗಳು ಏಕೆ ಬೇರೆ ಬೇರೆಯಾದವೆಂಬುದಕ್ಕೆ ಇದಕ್ಕಿಂತ ದೂರ ಹುಡುಕಬೇಕಾಗಿಲ್ಲ.

ಒಕ್ಕಣೆಗೆ ಬೇಕಾದ ಕಣವನ್ನು ಮಾಡುವುದೇ ಒಂದು ಕಸುಬು. ಗಟ್ಟಿ ನೆಲವನ್ನು ಆರಿಸಿ, ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಬಡಿದು ತುಳಿಸಿ ಗಟ್ಟಿ ಮಾಡಿ, ಸಗಣಿಯ ಬಗ್ಗಡದಿಂದ ಸಾರಿಸಿ ಒಣಗಿಸಿದರೆ ಮಣ್ಣಿನ ಒಂದು ಹರಳೂ ರಾಗಿಗೆ ಬೆರೆಯದಂತಹ ನುಣುಪು ನೆಲ ಸಿದ್ಧವಾಗುತ್ತಿತ್ತು. ಅದು ಒಣಗುವವರೆಗೆ ನಾಯಿ, ಕೋಳಿ ಮತ್ತು ತಮ್ಮತಂಗಿಯರನ್ನು ಅದರ ಮೇಲೆ ಕಾಲಿಡದಂತೆ ಕಾಯುವುದು ಮಕ್ಕಳ ಹೊಣೆ. ಒಣಗಿದ ಮೇಲೆ ಕೆರ ಮೆಟ್ಟಿಕೊಂಡು ಯಾರೂ ಅಲ್ಲಿಗೆ ಹೋಗುವಂತಿರಲಿಲ್ಲ. ನಡುವೆ ನಿಲ್ಲಿಸುವ ಕಂಬಕ್ಕೆ ಮೇಟಿ ಎಂದು ಹೆಸರು. ಊರಿಗೆ, ಮನೆತನಕ್ಕೆ ಆಧಾರವಾದ ವ್ಯಕ್ತಿಯನ್ನು ಕನ್ನಡದಲ್ಲಿ ಮೇಟಿ ಎಂದು ಕರೆಯುವ ರೂಢಿಯ ಹಿಂದೆ ಈ ಕಂಬದ ನೆರಳಿದೆ.

ಬಿಸಿಲೇರಿ ತೆನೆಗಳು ಗರಿಗರಿಯಾದ ಮೇಲೆ ಅವುಗಳನ್ನು ಕಣದಲ್ಲಿ ಹರಡಿ, ಎತ್ತುಗಳಿಗೆ ರೋಣುಗಲ್ಲನ್ನು, ಅಂದರೆ ಉರುಳುವ ಕಲ್ಲಿನ ಗುಂಡನ್ನು, ಹೂಡಿ ಸುತ್ತಿಸುತ್ತಿದ್ದರು. ಎತ್ತುಗಳ ಹಿಂದೆ ತಾನೂ ನೂರಾರು ಸುತ್ತು ನಡೆಯುವುದು ತಂದೆಯ ಕೆಲಸ. ಈ ಹೊತ್ತಿನಲ್ಲಿ ಮಗುವಿಗೆ ಒಪ್ಪಿಸಿದ ಕರ್ತವ್ಯ ಸಣ್ಣದಾದರೂ ತಪ್ಪುವಂತಹುದಲ್ಲ: ಎತ್ತು ಬಾಲ ಎತ್ತಿತೆಂದರೆ ಸಗಣಿ ರಾಗಿಯ ಮೇಲೆ ಬೀಳುವ ಮೊದಲೇ ಒಂದು ಹಿಡಿ ಹುಲ್ಲನ್ನೋ ಹಳೆಯ ಮಕ್ಕರಿಯನ್ನೋ ಒಡ್ಡಿ ಹಿಡಿಯಬೇಕು. ಹಿಡಿದ ಮಗುವನ್ನು ಯಾರೂ ಹೊಗಳುತ್ತಿರಲಿಲ್ಲ, ತಪ್ಪಿಸಿಕೊಂಡ ಮಗುವಿಗೆ ಬೈಗುಳ ಮಾತ್ರ ತಪ್ಪುತ್ತಿರಲಿಲ್ಲ.

ಸಂಜೆ ಗಾಳಿ ತಿರುಗಿದೊಡನೆ ತೂರುವ ಕೆಲಸ. ಎತ್ತರದಲ್ಲಿ ನಿಂತ ಗಂಡಸು ಮೊರದಿಂದ ಹೊಟ್ಟುಸಹಿತವಾದ ರಾಗಿಯನ್ನು ಗಾಳಿಗೆ ಒಡ್ಡಿ ಸುರಿದರೆ ಕಾಳು ಕಾಲಬುಡಕ್ಕೆ ಬಿದ್ದು ಹೊಟ್ಟು ದೂರ ಹಾರುತ್ತಿತ್ತು. ಗಾಳಿ ನಿಂತರೆ ಎಲ್ಲರೂ ಸುಮ್ಮನೆ ಕಾಯುವುದು, ನಡುರಾತ್ರಿ ಬೀಸಿದರೆ ನಡುರಾತ್ರಿಯೇ ಏಳುವುದು. ರಾಶಿಯನ್ನು ಕಾಯಲು ತಂದೆ ಕಣದಲ್ಲಿಯೇ ಮಲಗುತ್ತಿದ್ದ ರಾತ್ರಿಗಳಲ್ಲಿ ಹೊಸ ಹುಲ್ಲಿನ ಮೇಲೆ, ಒಂದೇ ಕಂಬಳಿಯೊಳಗೆ ಅವನ ಪಕ್ಕದಲ್ಲಿ ಮಲಗುವ ಅವಕಾಶ ಮಗನಿಗೆ ಸಿಕ್ಕುತ್ತಿತ್ತು. ವರ್ಷವಿಡೀ ಮಾತಿಗೆ ಸಿಕ್ಕದ ತಂದೆ ಬಾಯಿ ಬಿಡುತ್ತಿದ್ದುದು ಬಹುಶಃ ಆಗ ಮಾತ್ರ, ಅದೂ ನಕ್ಷತ್ರ ತೋರಿಸಿ ಮಳೆಗಳ ಹೆಸರು ಹೇಳುವಷ್ಟು.

ರಾಶಿಯಾದ ರಾಗಿಗೆ ಸಗಣಿಯ ಬೆನಕನನ್ನು ಇಟ್ಟು, ಗರಿಕೆ ಸಿಕ್ಕಿಸಿ, ಸುತ್ತ ಬೂದಿಯ ಗೆರೆ ಎಳೆದು ಪೂಜೆ ಮಾಡಿದ ನಂತರವೇ ಅಳತೆ. ಕೊಳಗದಿಂದ ಅಳೆಯುವವನು ಮೊದಲನೆಯದನ್ನು ‘ಒಂದು’ ಎನ್ನದೆ ‘ಲಾಭ’ ಎಂದು, ಆಮೇಲೆ ಎರಡು, ಮೂರು ಎಂದು ಎಣಿಸುತ್ತಿದ್ದನು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಲಾಭವೆಂದು ಮೊದಲಾದ ಎಣಿಕೆ ಮನೆಗೆ ಲಾಭವಾಗಿಯೇ ಮುಗಿಯುತ್ತಿತ್ತೆಂದು ಹೇಳಲಾಗದು. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರುಗಂಟಿ ಮೊದಲಾಗಿ ಹನ್ನೆರಡು ಆಯಗಾರರೆಂದು ಕರೆಯಲಾಗುತ್ತಿದ್ದ ಊರ ಸೇವಕರಿಗೆ ವರ್ಷದ ಕೆಲಸದ ಪ್ರತಿಫಲವಾಗಿ ಕೊಡುವ ಧಾನ್ಯದ ಪಾಲಿಗೆ ಆಯ ಎಂದು ಹೆಸರು. ಅದನ್ನು ಕಣದಲ್ಲಿಯೇ ಅಳೆದು ಕೊಡಬೇಕಾಗಿತ್ತು. ರಾಶಿ ಮನೆ ಸೇರುವ ಮೊದಲು ದೇವರಿಗೆ, ಬ್ರಾಹ್ಮಣರಿಗೆ, ಊರಿನ ಕೆಲಸದವರಿಗೆ ಯಾವ ಯಾವ ಪಾಲು ಸಲ್ಲುತ್ತಿತ್ತೆಂಬುದನ್ನು ಬುಕಾನನ್ ಸೇರಿನ ಲೆಕ್ಕದಲ್ಲಿ ಬರೆದುಕೊಂಡಿದ್ದಾನೆ. ಸಾಲ ಕೊಟ್ಟವನೂ ಕಣದ ಅಂಚಿನಲ್ಲಿ ನಿಂತಿರುತ್ತಿದ್ದುದುಂಟು. ತೂರಿದ ದೂಳು ತಲೆಯಲ್ಲಿರುವಾಗಲೇ ತಂದೆಯ ರಾಶಿ ತಗ್ಗುತ್ತ ಹೋಗುವುದನ್ನು ಕಂಡ ಮಗುವಿಗೆ ಆ ಪಾಲುಗಳ ನ್ಯಾಯ ಅನ್ಯಾಯಗಳು ಬೇರೆ ಬೇರೆಯಾಗಿ ತಿಳಿಯುತ್ತಿರಲಿಲ್ಲ, ತಗ್ಗುವುದು ಮಾತ್ರ ತಿಳಿಯುತ್ತಿತ್ತು. ಎಲ್ಲರೂ ಹೋದ ಮೇಲೆ ಕಣದ ಮೂಲೆಗಳನ್ನು ಗುಡಿಸಿ, ಮಣ್ಣು ಬೆರೆತ ರಾಗಿಯನ್ನು ಮೊರದಲ್ಲಿ ಕೇರಿ, ಕಲ್ಲು ಬೇರೆ ಮಾಡಿ, ಒಂದೆರಡು ಸೇರಾದರೂ ಉಳಿಸಿಕೊಳ್ಳುತ್ತಿದ್ದವಳು ತಾಯಿ. ಆ ಸೇರುಗಳು ಯಾವ ಅಳತೆಯ ಲೆಕ್ಕಕ್ಕೂ ಸೇರಲಿಲ್ಲ.

ಮನೆಗೆ ಉಳಿದ ರಾಗಿ ಹಗೇವಿಗೆ ಇಳಿಯುತ್ತಿತ್ತು. ಹಗೇವು ಎಂದರೆ ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಒಡಲು ಅಗಲವಾಗಿರುವ ನೆಲದಡಿಯ ಕಣಜ. ಅಂಚಿಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮುಚ್ಚಿದರೆ ಹುಳು ಹತ್ತದೆ ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದ ಹಗೇವಿನೊಳಗಿನ ಗಾಳಿ ವಿಷವಾಗಿರುತ್ತಿದ್ದುದರಿಂದ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವುದು ಪದ್ಧತಿ. ಈ ಗುಂಡಿಗಳ ಬೆಲೆ ಗೊತ್ತಾದುದು ಬರದಲ್ಲಿ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದುದರಿಂದ ಜನ ಧಾತು ಬರವೆಂದೇ ಕರೆದ 1876-78ರ ಕ್ಷಾಮದಲ್ಲಿ ಹಗೇವುಗಳೂ ಬರಿದಾದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷವೂ ಇರಲಿಲ್ಲ. ತಟ್ಟೆಯಲ್ಲಿ ಮುದ್ದೆಯ ಚೂರು ಬಿಟ್ಟೆದ್ದ ಮಗುವನ್ನು ಹಿರಿಯರು ಗದರಿಸುವಾಗ ಆ ದನಿಯಲ್ಲಿದ್ದ ಅತಿಯಾದ ಕಾಠಿಣ್ಯಕ್ಕೆ ಇಂತಹ ವರ್ಷಗಳ ಹಿನ್ನೆಲೆಯಿತ್ತು.

ಈ ಬದುಕಿನಿಂದ ಮಕ್ಕಳನ್ನು ಹೊರಗೆ ತಂದದ್ದು ಶಾಲೆ. 1868ರಲ್ಲಿ ಶಿಕ್ಷಣಾಧಿಕಾರಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯೂ 1913ರ ಪ್ರಾಥಮಿಕ ಶಿಕ್ಷಣದ ಶಾಸನವೂ ಹಳ್ಳಿಯ ಮಕ್ಕಳಿಗೆ ಓದಿನ ದಾರಿ ತೋರಿದವಾದರೂ ಬಿತ್ತನೆ, ಕಳೆ, ಕಣಗಳ ದಿನಗಳಲ್ಲಿ ಹಾಜರಿ ಪುಸ್ತಕ ಖಾಲಿ ಬೀಳುವುದು ಬಹುಕಾಲ ನಿಲ್ಲಲಿಲ್ಲ. ಓದಿ ಪೇಟೆ ಸೇರಿದ ಮಕ್ಕಳು ಹಿಂತಿರುಗಿ ನೋಡಿದಾಗಲೇ ಹಳ್ಳಿಯ ನೆನಪು ಸಾಹಿತ್ಯವಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ 1930ರಲ್ಲಿ ಹಾಸನ ಸೀಮೆಯ ಹಳ್ಳಿಯನ್ನು ನಗುವಿನ ಬೆಳಕಿನಲ್ಲಿ ತೋರಿಸಿತು. ಅದೇ ರಾಗಿ ಸೀಮೆಯ ಮಾಗಡಿ ತಾಲ್ಲೂಕಿನಲ್ಲಿ ಹುಟ್ಟಿದ ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ ತೆರೆದುಕೊಳ್ಳುವುದು ಬೇರೆ ನೋಟದಿಂದ: ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲಿಗೆ ನೊಗ ಹೊತ್ತು ಉಳುತ್ತಿದ್ದಾರೆ, ಅವರಲ್ಲಿ ಒಬ್ಬ ಬಾಲಕ ಸಿದ್ಧಲಿಂಗಯ್ಯನ ತಂದೆ. ಸಾಲಕ್ಕೆ ಪ್ರತಿಯಾಗಿ ಒಡೆಯನ ಮನೆಯಲ್ಲಿ ವರ್ಷಗಟ್ಟಲೆ ದುಡಿಯುವ ಜೀತವೆಂಬ ಪದ್ಧತಿಗೆ ಒಳಗಾದ ಮನೆಗಳಲ್ಲಿ ದನ ಕಾಯುವ ಮಗುವಿನ ದುಡಿಮೆ ಕೂಡ ಅದರದಾಗಿರಲಿಲ್ಲ; ಜೀತವನ್ನು ರದ್ದುಗೊಳಿಸಿದ ಕಾಯಿದೆ ಬಂದದ್ದು 1976ರಲ್ಲಿ. ಹಳ್ಳಿಯ ಬಾಲ್ಯವನ್ನು ಒಂದೇ ಬಣ್ಣದಲ್ಲಿ ಬಳಿಯುವ ಬರೆವಣಿಗೆ, ಅದು ಎಷ್ಟೇ ಕೃತಜ್ಞತೆಯಿಂದ ಕೂಡಿದ್ದರೂ, ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದದವರ ಬರೆವಣಿಗೆ.

ಹಾಗೆಂದು ನೆನಪನ್ನು ತಳ್ಳಿಹಾಕುವಂತಿಲ್ಲ. ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ 1948ರಲ್ಲಿ ನೆಲೆಸಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ತಾವು ಪರಿಷ್ಕರಿಸಿ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಬಹುಮಟ್ಟಿಗೆ ನೆನಪಿನಿಂದಲೇ ತಮ್ಮ ಪ್ರಸಿದ್ಧ ಗ್ರಂಥವನ್ನು ಬರೆದರು; ಗ್ರಂಥದ ಹೆಸರಿನಲ್ಲಿಯೇ ನೆನಪನ್ನು ಉಳಿಸಿಕೊಂಡರು.

ಆ ನೆನಪಿನ ದುಡಿಮೆಯ ಸಾಧನಗಳು ಒಂದೊಂದಾಗಿ ಮರೆಯಾದವು. ಬೀಸುವ ಕಲ್ಲು ಮೊದಲು ನಿಂತಿತು. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಹಿಟ್ಟಿನ ಗಿರಣಿ ಊರೂರಿಗೆ ಬಂದಂತೆ ತಾಯಂದಿರಿಗೆ ಬೆಳಗಿನ ಜಾವದ ನಿದ್ದೆ ದಕ್ಕಿತು, ಬೀಸುವ ಪದಗಳು ಬಾಯಿ ಬಿಟ್ಟು ಪುಸ್ತಕ ಸೇರಿದವು. ಹಾಡು ಹೋಯಿತೆಂದು ಕೊರಗುವವರಲ್ಲಿ ಕಲ್ಲು ತಿರುಗಿಸಿದವರು ಕಡಿಮೆ. ಮಂಡ್ಯದ ವಿ. ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಬೆರೆಸಿ ಪಡೆದ ಇಂಡಾಫ್ ತಳಿಗಳು 1970ರ ದಶಕದಿಂದ ಹೊಲಗಳಿಗೆ ಬಂದು ಇಳುವರಿ ಹೆಚ್ಚಿತು. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ಕಡಿಮೆಯಾದವು, ಎತ್ತಿನೊಂದಿಗೆ ಹಲುಬೆ, ಸೆಡ್ಡೆಗಳೂ ಅಕ್ಕಡಿ ಸಾಲೂ ಬಹಳಷ್ಟು ಕಡೆ ಹಿಂದೆ ಸರಿದವು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಇಂತಹ ಸಾಧನಗಳು ಈಗ ನೋಡುವ ವಸ್ತುಗಳಾಗಿವೆ.

ಕಣ ಮಾತ್ರ ವಿಚಿತ್ರವಾದ ರೂಪದಲ್ಲಿ ಉಳಿದುಕೊಂಡಿದೆ. ಸಗಣಿ ಸಾರಿಸಿ ನೆಲ ಮಾಡುವ ಆಳಾಗಲಿ ಬಿಡುವಾಗಲಿ ಇಲ್ಲದ ರೈತ ತನ್ನ ರಾಗಿಯನ್ನು ತಂದು ಡಾಂಬರು ರಸ್ತೆಯ ಮೇಲೆ ಹರಡುತ್ತಾನೆ, ಹಾಯುವ ವಾಹನಗಳ ಚಕ್ರಗಳೇ ರೋಣುಗಲ್ಲಾಗುತ್ತವೆ. ದ್ವಿಚಕ್ರ ವಾಹನದವರು ಜಾರಿ ಬೀಳುವರೆಂದು ಅಧಿಕಾರಿಗಳು ತಡೆದರೂ ಜನವರಿ, ಫೆಬ್ರವರಿಯಲ್ಲಿ ಈ ಸೀಮೆಯ ಹಳ್ಳಿಯ ರಸ್ತೆಗಳಲ್ಲಿ ಈ ನೋಟ ತಪ್ಪುವುದಿಲ್ಲ. ರಸ್ತೆಯ ಅಂಚಿನಲ್ಲಿ ಗಂಡಸು ಹುಲ್ಲನ್ನು ಮಗುಚುತ್ತಿರುತ್ತಾನೆ, ಹೆಂಗಸು ತಲೆಗೆ ವಸ್ತ್ರ ಸುತ್ತಿಕೊಂಡು ಮೊರ ಹಿಡಿದು ಗಾಳಿಗೆ ಕಾಯುತ್ತಿರುತ್ತಾಳೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆ ತೆನೆಗಳನ್ನು ತುಳಿದು ಹೋಗುವ ವಾಹನಗಳಲ್ಲಿ ಅವರ ಮಕ್ಕಳನ್ನು ಹೊತ್ತ ಶಾಲೆಯ ಬಸ್ಸೂ ಒಂದು.